ಸೋಯಾ ತಾಕಿನಲ್ಲಿ ಜಾಲಿ ಮೊಳಕೆ

"ಬೆಳೆದು ನಿಂತ ಗಿಡ ಕಣೋ ಅದು. ಕೀಳೋಕೆ ಕೈಯಾದ್ರೂ ಹೆಂಗ್ ಬಂತು ನಿಂಗೆ?"

ಪರ್ವತಯ್ಯನವರ ಮಾತು ಮುಗಿಯುವ ಹೊತ್ತಿಗೆ ಪತ್ತೇದಾರ ಚನ್ನಮಲ್ಲಯ್ಯ ಇನ್ನೊಂದನ್ನೂ ಕಿತ್ತಾಗಿತ್ತು. ಬೇರಿಗಂಟಿದ ಕೆಮ್ಮಣ್ಣನ್ನು ಅಂಗೈಗೆ ಬಡಿದು ಉದುರಿಸಿದ. ಬೇರನ್ನು ಬಿಸಿಲಿಗೆ ಎತ್ತಿ ಹಿಡಿದು, ಹೆಣ್ಣು ನೋಡಲು ಬಂದ ಸೋದರಮಾವನ ಹಾಗೆ ಅತ್ತಿತ್ತ ತಿರುಗಿಸಿ ನೋಡಿದ.

"ದೊಡ್ಡಪ್ಪ, ಎರಡು ಗಿಡ ಹೋದ್ರೆ ಒಬ್ಬ ಮನುಷ್ಯ ಉಳೀತಾನೆ," ಎಂದ. "ಬ್ಯಾಡ ಅನ್ನಿ, ವಾಪಸ್ ನೆಟ್ಬುಡ್ತೀನಿ."

ದೊಡ್ಡಪ್ಪನೂ ಅಲ್ಲ, ಚಿಕ್ಕಪ್ಪನೂ ಅಲ್ಲ. ಹೊಲದ ಒಡೆಯರಾದ ಪರ್ವತಯ್ಯನವರಿಗೂ ಚನ್ನಮಲ್ಲಯ್ಯನಿಗೂ ಇದ್ದ ನಂಟೆಂದರೆ ಇಬ್ಬರ ಹಣೆಯ ಮೇಲಿನ ವಿಭೂತಿ ಮಾತ್ರ. ಆದರೆ ತನಿಖೆಗೆ ಹೋದ ಕಡೆಯೆಲ್ಲ ಹಿರಿಯರನ್ನು ದೊಡ್ಡಪ್ಪ ಮಾಡಿಕೊಳ್ಳುವುದು ಅವನ ಪದ್ಧತಿ. ಪತ್ತೇದಾರನ ಮುಖಕ್ಕೆ ಬಾಗಿಲು ಹಾಕುವವರು ಮಗನ ಮುಖಕ್ಕೆ ಹಾಕುವುದಿಲ್ಲ ಎಂಬುದು ಅವನ ಲೆಕ್ಕ.

ಉಳಿಯಬೇಕಾದ ಮನುಷ್ಯ ಕುರಿಗಾಹಿ ಓಬಳಪ್ಪ. ಹೋದ ಸೋಮವಾರ ಮುಂಜಾನೆ ಇದೇ ಹೊಲದ ಬಾವಿಯ ಪಕ್ಕ ಕಾವಲುಗಾರ ನರಸಪ್ಪ ತಲೆಯೊಡೆದು ಪ್ರಜ್ಞೆ ತಪ್ಪಿ ಬಿದ್ದಿದ್ದ. ಅವನ ಪಕ್ಕದಲ್ಲಿ ಓಬಳಪ್ಪನ ಕಂಬಳಿ ಸಿಕ್ಕಿತ್ತು. ನಿನ್ನೆ ಸಂಜೆ ಮಧುಗಿರಿ ಪೊಲೀಸರು ಓಬಳಪ್ಪನನ್ನು ಹಿಡಿದು ಲಾಕಪ್ಪಿಗೆ ಹಾಕಿದ್ದರು. ಇವತ್ತು ಸಂಜೆ ಮ್ಯಾಜಿಸ್ಟ್ರೇಟರ ಮುಂದೆ, ಅಲ್ಲಿಂದ ತುಮಕೂರಿನ ಜೈಲಿಗೆ. ಕಂಬಳಿ ಬಿಟ್ಟವನು ಕಂಬಿ ಎಣಿಸಲೇಬೇಕು ಎಂದು ಸಬ್ ಇನ್ಸ್‌ಪೆಕ್ಟರು ಪ್ರಾಸ ಹಾಕಿ ಕೈ ತೊಳೆದುಕೊಂಡಿದ್ದರು.

ಓಬಳಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಲಾಕಪ್ಪಿನ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಗೋಡೆ ನೋಡುತ್ತಿದ್ದ. ಅಲ್ಲಿದ್ದವರಿಗೆ ಆ ಮೌನವೇ ಅರ್ಧ ಒಪ್ಪಿಗೆಯಾಗಿ ಕೇಳಿಸಿತ್ತು.

ಅವನ ಹೆಂಡತಿ ಕೆಂಪಕ್ಕ ಮಾತ್ರ ಸುಮ್ಮನೆ ಕೂರುವ ಪೈಕಿ ಅಲ್ಲ. ಇವತ್ತು ಬೆಳಕು ಹರಿಯುತ್ತಲೇ ಮಧುಗಿರಿಯ ಸೈಕಲ್ ಅಂಗಡಿಯ ಮೇಲಿರುವ ಚನ್ನಮಲ್ಲಯ್ಯನ ಆಫೀಸಿನ ಮೆಟ್ಟಿಲು ಹತ್ತಿದ್ದಳು. ಜೊತೆಗೆ ಒಂದು ಟಗರನ್ನೂ ಹತ್ತಿಸಿದ್ದಳು. ಅದು ಪತ್ತೇದಾರರ ಫೀಜು. ಅಯ್ಯನವರ ಮನೆಗೆ ಟಗರು ತಂದು ಕಟ್ಟಿದರೆ ಅವರು ಅದನ್ನು ಏನು ಮಾಡಬೇಕು ಎಂಬ ಪ್ರಶ್ನೆ ಆಕೆಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಅವಳ ಹತ್ತಿರ ಕೊಡಲು ಬೇರೇನೂ ಇರಲಿಲ್ಲ. ಟಗರು ಈಗ ಸೈಕಲ್ ಅಂಗಡಿಯಲ್ಲಿ ಹಳೆಯ ಟ್ಯೂಬುಗಳ ರುಚಿ ನೋಡುತ್ತಿತ್ತು.

ಕೆಂಪಕ್ಕ ಬದುವಿನ ಮೇಲೆ ನಿಂತು ಪತ್ತೇದಾರನ ಕೈಯಲ್ಲಿದ್ದ ಬೇರನ್ನೇ ನೋಡುತ್ತಿದ್ದಳು.

ಪರೀಕ್ಷೆಗೆಂದು ಮಾಡಿದ ಮೂರು ತಾಕು, ಒಂದರ ಪಕ್ಕ ಒಂದು. ಈ ಸೀಮೆಗೆ ಹೊಸದಾದ ಸೋಯಾ ಅವರೆ. ಬಿತ್ತಿದ ದಿನ ಬಡವನಹಳ್ಳಿಯ ಹೋಟೆಲಿನಲ್ಲಿ "ಸೋಯಾ ಹಾಕಿ ಸೋತೆಯಾ ಪರ್ವತಯ್ಯ" ಎಂದು ನಕ್ಕವರೆಲ್ಲ ಈಗ ಬದುವಿನ ಮೇಲೆ ಬಂದು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು.

ಮೊದಲನೆಯ ತಾಕಿಗೆ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ. ಕೊನೆಯದಕ್ಕೆ ಏನೂ ಇಲ್ಲ, ಅದು ಉಪವಾಸದ ತಾಕು. ನಡುವಿನದಕ್ಕೆ ಗೊಬ್ಬರವಿಲ್ಲ, ಎಲೆಗೆ ಸಿಂಪಡಿಸುವ ಒಂದು ಹಸಿರು ನೀರು ಮಾತ್ರ. ಹೆಸರು 'ಚಿಗುರುಸಿರಿ'. ಕುದುರೆಮೆಂತ್ಯವೆಂಬ ಮೇವಿನ ಸೊಪ್ಪಿನಿಂದ ತೆಗೆದ ಸಾರ, ಬೆಳೆಗೆ ಟಾನಿಕ್ಕು. ತಯಾರಿಸಿದವನು ಕೊರಟಗೆರೆಯ ಶಂಕರಲಿಂಗಪ್ಪ. ಮೂರೂ ತಾಕಿಗೆ ಬೀಜ ಒಂದೇ, ಬಿತ್ತಿದ ದಿನವೂ ಒಂದೇ. ಬಿತ್ತುವ ಮುಂಚೆ ಬೀಜವನ್ನು ಬೆಲ್ಲದ ನೀರಿನಲ್ಲಿ ಕಲಸಿ ಕರಿ ಜೀವಾಣು ಪುಡಿಯಲ್ಲಿ ಹೊರಳಿಸಿದ್ದೂ ಮೂರಕ್ಕೂ ಒಂದೇ ರೀತಿ.

ಫಲಿತಾಂಶ ಕುರುಡನಿಗೂ ಕಾಣುವಂತಿತ್ತು. ಉಪವಾಸದ ತಾಕು ಮೊಳದುದ್ದಕ್ಕೆ ನಿಂತಿತ್ತು. ಗೊಬ್ಬರದ್ದು ಅದಕ್ಕಿಂತ ಒಂದು ಕೈ ಮೇಲು. ನಡುವಿನದು ಮಾತ್ರ ಸೊಂಟದವರೆಗೆ ಬಂದು, ಕಡುಹಸಿರು ಎಲೆ ಹೊತ್ತು, ಕಾಯಿಗಳ ಗೊಂಚಲಿಗೆ ಬಾಗಿತ್ತು. ಏನು ಆ ತಾಕಿನ ತಾಕತ್ತು.

ಪೊಲೀಸರ ಕಥೆ ಹುಟ್ಟಿದ್ದೂ ಆ ತಾಕತ್ತಿನಿಂದಲೇ. ಈ ಕಡೆ ಬಿತ್ತನೆಗೆ ಮುಂಚೆ ರೈತರು ಕುರಿಯವರನ್ನು ಕರೆದು ಹೊಲದಲ್ಲಿ ಮಂದೆ ನಿಲ್ಲಿಸುತ್ತಾರೆ. ಕುರಿಗಳು ಅಲ್ಲೇ ಮಲಗಿ, ಹಿಕ್ಕೆ ಹಾಕಿ, ಗಂಜಲ ಬಿಟ್ಟು ನೆಲಕ್ಕೆ ಉಣಿಸಿ ಹೋಗುತ್ತವೆ. ಕುರಿಯವರಿಗೆ ರಾಗಿ, ಒಂದು ಹೊತ್ತಿನ ಊಟ. ಬಾಟಲಿಯ ನೀರೇ ಇಷ್ಟು ಬೆಳೆಸಿದರೆ ಕುರಿಯನ್ನು ಯಾರು ಕರೆಯುತ್ತಾರೆ ಎಂದು ಓಬಳಪ್ಪ ಸಂತೆಯ ನಡುವೆ ನಿಂತು ಕೂಗಾಡಿದ್ದ. ಆದ್ದರಿಂದ ನಡುವಿನ ತಾಕನ್ನು ಹಾಳುಮಾಡಲು ಬಂದ, ನರಸಪ್ಪ ತಡೆದ, ಓಬಳಪ್ಪ ಹೊಡೆದ. ಪೊಲೀಸರಿಗೆ ಕಥೆ ಸಲೀಸಾಗಿತ್ತು.

ಸಲೀಸಾದ ಕಥೆ ಕಂಡರೆ ಚನ್ನಮಲ್ಲಯ್ಯನಿಗೆ ಮೈ ತುರಿಸುತ್ತದೆ. ಹಾಳುಮಾಡಲು ಬಂದವನು ಒಂದು ಎಲೆಯನ್ನೂ ಹರಿದಿರಲಿಲ್ಲ.

ಅವನು ಮೂರು ತಾಕಿನಿಂದಲೂ ಕಿತ್ತ ಬೇರುಗಳನ್ನು ಬದುವಿನ ಮೇಲೆ ಸಾಲಾಗಿ ಹಾಸಿದ. ಗೊಬ್ಬರದ ತಾಕಿನ ಬೇರಿನ ತುಂಬ ರಾಗಿಕಾಳಿನಷ್ಟು, ಮೆಣಸಿನಷ್ಟು ಗಂಟುಗಳು. ಉಪವಾಸದ ತಾಕಿನ ಬೇರಿನಲ್ಲೂ ಗಂಟು. ನಡುವಿನ ತಾಕಿನ ಬೇರು ಮಾತ್ರ ಬೋಳು.

ತುಮಕೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದ ಮೇಷ್ಟರಿಗೆ ಸದಾ ನೆಗಡಿ. ಅವರ ಪಾಠಕ್ಕಿಂತ ಅವರ ಮೂಗಿನ ದನಿಯನ್ನು ಚನ್ನಮಲ್ಲಯ್ಯ ಚೆನ್ನಾಗಿ ಕಲಿತಿದ್ದ. ದನಿ ತೆಗೆದರೆ ಪಾಠ ತಾನಾಗಿ ಹಿಂದೆ ಬರುತ್ತಿತ್ತು. ಈಗಲೂ ಒಂದು ಬೆರಳಿಂದ ಮೂಗನ್ನು ಒತ್ತಿಕೊಂಡ.

"ಗಂಟಿನೊಳಗೆ ಕೂತ ಜೀವಾಣು ಗಾಳೀಲಿರೋ ಸಾರಜನಕ ಹಿಡಿದು ಗಿಡಕ್ಕೆ ಅಡಿಗೆ ಮಾಡಿ ಬಡಿಸುತ್ತೆ. ಕೊಳೆತ ಗೊಬ್ಬರದ ಹಾಗೆ ಚೂರು ಚೂರಾಗಿ ಅಲ್ಲ, ನೆಲದಲ್ಲೇ ಧಾರಾಳವಾಗಿ ಸಾರಜನಕ ಸುರಿದಿದ್ದರೆ ಗಿಡ ಈ ಅಡಿಗೆಭಟ್ಟನ್ನ ಮನೆಗೇ ಸೇರಿಸಲ್ಲ. ಛತ್ರದಲ್ಲಿ ದಿನಾ ಊಟ ಹಾಕ್ತಿದ್ರೆ ಮನೇಲಿ ಒಲೆ ಹಚ್ಚೋರು ಯಾರ್ರೀ?"

ಪರ್ವತಯ್ಯನವರು ನಗಲಿಲ್ಲ. ನಡುವಿನ ತಾಕಿನ ಅಂಚಿನಲ್ಲಿ ಅವರ ತಂದೆಯ ಗದ್ದುಗೆ ಇತ್ತು. ಮಂಡಿಯೆತ್ತರದ ಕಲ್ಲುಕಟ್ಟೆ, ಮೇಲೆ ಒಂದು ಕಣಗಿಲೆ ಹೂವು. ಅದಕ್ಕೆ ಕೈಯೂರಿ ನಿಂತು, ಗೊಬ್ಬರ ಹಾಕದ ನೆಲಕ್ಕೆ ಊಟ ಎಲ್ಲಿಂದ ಬಂತು ಎಂದು ಕೇಳಿದರು.

"ಅದನ್ನೇ ಹುಡುಕ್ತಿದ್ದೀನಿ," ಎಂದ ಚನ್ನಮಲ್ಲಯ್ಯ. ಸೊಂಟ ಬಗ್ಗಿಸಿ ನಡುವಿನ ತಾಕಿನೊಳಗೆ ನುಗ್ಗಿದ.

ಒಳಗೆ ನೆರಳು, ತಂಪು. ಸಾಲಿನ ನಡುವೆ ಕಳೆ ಕಿತ್ತು ಸ್ವಚ್ಛವಾಗಿತ್ತು. ಆದರೆ ಕಳೆಗುದ್ದಲಿ ತಾಗದ ಜಾಗ ಒಂದಿರುತ್ತದೆ, ಗಿಡದ ಬುಡ. ಅಲ್ಲಿ, ಸೋಯಾ ಕಾಂಡಕ್ಕೆ ಒತ್ತಿಕೊಂಡು, ಬೆರಳುದ್ದದ ಒಂದು ಸಸಿ ಇತ್ತು. ಬಾಚಣಿಗೆ ಹಲ್ಲಿನಂಥ ಎಲೆ. ಪಕ್ಕದ ಬುಡದಲ್ಲಿ ಇನ್ನೊಂದು. ಆಚೆ ಮತ್ತೆರಡು. ಚನ್ನಮಲ್ಲಯ್ಯ ಅಂಬೆಗಾಲಿಟ್ಟು ಸಾಲಿನಿಂದ ಸಾಲಿಗೆ ಹೋದ. ಬಿಳಿ ಪಂಚೆ ಮಣ್ಣಿನ ಬಣ್ಣಕ್ಕೆ ತಿರುಗಿತು. ಸಸಿಗಳು ತಾಕಿನ ತುಂಬ ಇದ್ದವು. ಬದು ದಾಟಿ ಈಚೆ ಗೊಬ್ಬರದ ತಾಕಿನಲ್ಲಿ ನೋಡಿದರೆ ಒಂದೂ ಇಲ್ಲ, ಆಚೆ ಉಪವಾಸದ ತಾಕಿನಲ್ಲಿ ಒಂದೂ ಇಲ್ಲ.

ಬಳ್ಳಾರಿ ಜಾಲಿ.

ಅದರ ಕಾಯಿ ಸಿಹಿ, ಕುರಿಗಳಿಗೆ ಪ್ರಾಣ. ಬೀಜ ಮಾತ್ರ ಕಲ್ಲು. ಅದು ಹೊಟ್ಟೆಯಲ್ಲಿ ಅರಗುವುದಿಲ್ಲ, ಹಿಕ್ಕೆಯ ಜೊತೆ ಹೊರಬಿದ್ದು ಒಂದು ಮಳೆಗೆ ಮೊಳೆಯುತ್ತದೆ. ಬಡವನಹಳ್ಳಿ ಸುತ್ತ ಇರುವುದು ಕರಿಜಾಲಿ. ಬಳ್ಳಾರಿ ಜಾಲಿ ಕಾಡಾಗಿ ಬೆಳೆದಿರುವುದು ಪಾವಗಡದ ಕಡೆ. ಯಾರೋ ಪಾವಗಡದ ಕಡೆಯಿಂದ ಬಂದ ಕುರಿಮಂದೆಯನ್ನು ಬಿತ್ತನೆಗೆ ಮುಂಚೆ ಈ ತಾಕಿನಲ್ಲಿ, ಈ ತಾಕಿನಲ್ಲಿ ಮಾತ್ರ, ನಿಲ್ಲಿಸಿದ್ದಾರೆ. ಹಿಕ್ಕೆಯನ್ನು ಉತ್ತು ಮುಚ್ಚಿದ್ದಾರೆ. ಆದರೆ ಕುರಿ ತನ್ನ ಸಹಿ ಹಾಕಿ ಹೋಗಿದೆ.

ಅವನು ಒಂದು ಸಸಿಯನ್ನು ಬೇರು ಸಮೇತ ಎತ್ತಿ ತಂದು ಕೆಂಪಕ್ಕನ ಮುಂದೆ ಹಿಡಿದ. ಅವಳು ಅದನ್ನು ತೆಗೆದುಕೊಂಡು, ನೋಡದವಳ ಹಾಗೆ ನೋಡಿ, ಬದುವಿನ ಆಚೆಗೆ ಎಸೆದಳು.

"ಕಳೆ ಕಣಯ್ನೋರೆ. ಎಲ್ಲಾ ಕಡೇನೂ ಬತ್ತದೆ."

ಕುರಿಯವರ ಮನೆಯಲ್ಲಿ ಹುಟ್ಟಿ ಕುರಿಯವರ ಮನೆ ಸೇರಿದವಳಿಗೆ ಜಾಲಿಯ ಗುರುತು ಸಿಗಲಿಲ್ಲವೆಂದರೆ ಚನ್ನಮಲ್ಲಯ್ಯನಿಗೆ ಅನುಮಾನ ಬರಬೇಕಿತ್ತು. ಆದರೆ ಆಗ ಅವನ ತಲೆಯಲ್ಲಿ ಬೇರೊಬ್ಬನಿದ್ದ. ಗೆಲುವು ಕಣ್ಣಿಗೆ ಬಿದ್ದ ಮನುಷ್ಯನಿಗೆ ಪಕ್ಕದಲ್ಲಿ ನಿಂತವರ ಮುಖ ಕಾಣುವುದಿಲ್ಲ.

ಹೊಲದ ಆ ತುದಿಯಲ್ಲಿ ಶಾಮಿಯಾನ ಎದ್ದಿತ್ತು. ಇವತ್ತು ಕ್ಷೇತ್ರೋತ್ಸವ, ರೈತರಿಗೆ ಬೆಳೆ ತೋರಿಸುವ ದಿನ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ರೈತರು ಲಾರಿ ಹತ್ತಿ ಬಂದಿದ್ದರು. ಮೈಕು ಟೆಸ್ಟಿಂಗ್ ಟೆಸ್ಟಿಂಗ್ ಎಂದು ಕೆಮ್ಮುತ್ತಿತ್ತು. ಉಪ್ಪಿಟ್ಟಿನ ಸಾಲಿನಲ್ಲಿ ಪಾವಗಡದ ಮುದುಕನೊಬ್ಬ ಅರ್ಧ ತೆಲುಗಿನಲ್ಲಿ, ಈ ಸೋಯಾ ಕಾಳು ಸಾರಿಗಾಗುತ್ತದೋ ಇಲ್ಲ ಬರೀ ಭಾಷಣಕ್ಕೋ ಎಂದು ವಿಚಾರಿಸುತ್ತಿದ್ದ. ಸಿರಾದವನೊಬ್ಬ, ಉಪ್ಪಿಟ್ಟು ಬಿಲ್ಕುಲ್ ಚೆನ್ನಾಗಿದೆ, ಮಿಕ್ಕಿದ್ದು ಆಮೇಲೆ ನೋಡೋಣ ಎಂದು ಸಮಾಧಾನ ಹೇಳಿದ.

ಭಾಷಣ ಮುಗಿದರೆ ನಾಲ್ಕೂ ತಾಲ್ಲೂಕಿನ ಸೊಸೈಟಿಗಳ ಕಪಾಟಿನಲ್ಲಿ ಚಿಗುರುಸಿರಿ ಕೂರುವುದು ಖಾತ್ರಿ. ಮಂದೆಯ ಗುಟ್ಟು ಗೊತ್ತಿದ್ದ ಒಬ್ಬ ಕಾವಲುಗಾರ ಅದಕ್ಕೆ ಮುಂಚೆ ಬಾಯಿ ಬಿಟ್ಟರೆ ಯಾರಿಗೆ ನಷ್ಟ? ಚನ್ನಮಲ್ಲಯ್ಯನಿಗೆ ಉತ್ತರ ಹುಡುಕಬೇಕಾಗಿಯೇ ಇರಲಿಲ್ಲ. ಉತ್ತರ ಪಂಪ್‌ಸೆಟ್ ಮನೆಯೊಳಗೆ ಬಾಟಲಿ ಒರೆಸುತ್ತ ಕೂತಿತ್ತು.

ಶಂಕರಲಿಂಗಪ್ಪ ಬೂದು ಸಫಾರಿ ತೊಟ್ಟ ನಲವತ್ತರ ಮನುಷ್ಯ. ಹೊರಗೆ ಅವನ ಲೂನಾ ನಿಂತಿತ್ತು, ಎರಡು ಬದಿಗೂ ಹಸಿರು ಬಾಟಲಿಯ ಚೀಲ. ಪತ್ತೇದಾರ, ಅವನ ಹಿಂದೆ ಪರ್ವತಯ್ಯನವರು, ಬಾಗಿಲಲ್ಲಿ ಕೆಂಪಕ್ಕ. ಮೂವರನ್ನೂ ಅವನು ಗಿರಾಕಿಗಳನ್ನು ನೋಡುವಂತೆಯೇ ನೋಡಿದ.

ಅವನು ಬಾಯಿ ತೆರೆಯುವ ಮುಂಚೆ ಅವನ ದನಿಯೇ ಅವನಿಗೆ ಎದುರಾಯಿತು.

"ಬನ್ನಿ ಬನ್ನಿ, ನೋಡಿ, ಮುಟ್ಟಿ, ಮೂಸಿ. ಒಂದು ಮುಚ್ಚಳ ಒಂದು ಕೊಡ ನೀರಿಗೆ. ಎಲೆ ಕುಡಿದ್ರೆ ಬೇರು ಕುಣಿಯುತ್ತೆ, ಬೇರು ಕುಣಿದ್ರೆ ಬೆಳೆ ಮಣಿಯುತ್ತೆ." ಚನ್ನಮಲ್ಲಯ್ಯ ಬೆಳಿಗ್ಗೆ ಒಂದು ಸಲ ಕೇಳಿದ್ದು ಅಷ್ಟೇ. ಮಾತಿನ ಕೊನೆಗೆ ಶಂಕರಲಿಂಗಪ್ಪ ನಾಲಿಗೆ ಲೊಚಗುಟ್ಟುವುದನ್ನೂ ಬಿಡಲಿಲ್ಲ.

ಶಂಕರಲಿಂಗಪ್ಪ ನಕ್ಕ. "ಅಂಗಡಿಗೆ ಸೇರ್ಕೊಳ್ತೀರಾ ಸ್ವಾಮಿ? ನಾನು ಊಟಕ್ಕೆ ಹೋದಾಗ ನೀವು ಕೂಗಬಹುದು."

"ಕೂಗ್ತೀನಿ. ಆದ್ರೆ ಬಾಟ್ಲಿ ಮೇಲೆ ಒಂದು ಕುರಿ ಚಿತ್ರ ಹಾಕಿಸ್ಬೇಕು."

ನಗು ನಿಂತಿತು. ಚನ್ನಮಲ್ಲಯ್ಯ ಕಲ್ಲಿನ ಮೇಲೆ ಬೋಳು ಬೇರಿಟ್ಟ. ಅದರ ಪಕ್ಕ ಗಂಟಿನ ಬೇರಿಟ್ಟ. ಅದರ ಪಕ್ಕ ಒಂದು ಜಾಲಿ ಸಸಿ. ಒಂದೊಂದಕ್ಕೂ ಒಂದೊಂದು ಮಾತು, ಅಷ್ಟೇ ಹೇಳಿದ. ಬಾಟಲಿ ಗೆಲ್ಲಲೆಂದು ಶಂಕರಲಿಂಗಪ್ಪನೇ ಮಂದೆ ನಿಲ್ಲಿಸಿದ್ದಾನೆ, ನರಸಪ್ಪ ಅದನ್ನು ಕಂಡಿದ್ದಾನೆ, ಇವತ್ತಿನ ಸಭೆಯಲ್ಲಿ ಹೇಳುತ್ತೇನೆಂದು ಹೆದರಿಸಿದ್ದಾನೆ, ಅದಕ್ಕೆ ತಲೆ ಒಡೆಸಿಕೊಂಡಿದ್ದಾನೆ. ಲಾಕಪ್ಪಿನಲ್ಲಿರುವ ಓಬಳಪ್ಪನಿಗೂ ಇದಕ್ಕೂ ಸಂಬಂಧವಿಲ್ಲ. ಎಲ್ಲವೂ ನೀಟಾಗಿ, ಮಡಿಸಿದ ಪಂಚೆಯ ಹಾಗೆ.

ಇಂಥ ಹೊತ್ತಿನಲ್ಲಿ ಅಪರಾಧಿಗಳು ರೇಗುತ್ತಾರೆ, ಇಲ್ಲವೇ ವಕೀಲನ ಹೆಸರು ಹೇಳುತ್ತಾರೆ. ಶಂಕರಲಿಂಗಪ್ಪ ಎರಡನ್ನೂ ಮಾಡಲಿಲ್ಲ. ಬೋಳು ಬೇರನ್ನು ಎತ್ತಿಕೊಂಡ. ಉಗುರಿನಿಂದ ಅದರ ಸಿಪ್ಪೆ ಕೆರೆದ, ಗಂಟು ಉದುರಿದ ಗುರುತಾದರೂ ಇದೆಯೋ ಎಂದು ನೋಡುವವನ ಹಾಗೆ. ಆಮೇಲೆ ಹೊರಗೆ ನಡೆದ. ಓಡಿಹೋಗುತ್ತಾನೆಂದು ಚನ್ನಮಲ್ಲಯ್ಯ ಲೂನಾದ ಕಡೆ ಧಾವಿಸಿದ. ಅವನು ಹೋದದ್ದು ನಡುವಿನ ತಾಕಿಗೆ.

ಸಫಾರಿ ತೊಟ್ಟ ಮನುಷ್ಯ ಮಣ್ಣಿನಲ್ಲಿ ಮಂಡಿಯೂರಿ ಒಂದು ಗಿಡ ಕಿತ್ತ, ಇನ್ನೊಂದು ಕಿತ್ತ, ದೂರ ಹೋಗಿ ಮತ್ತೊಂದು ಕಿತ್ತ. ಎಲ್ಲದರ ಬೇರೂ ಬೋಳು. ಶಾಮಿಯಾನದಲ್ಲಿ ಯಾರೋ ಅವನ ಹೆಸರು ಹಿಡಿದು ಮೈಕಿನಲ್ಲಿ ಕರೆಯುತ್ತಿದ್ದರು.

"ನಾಲ್ಕು ವರ್ಷದಿಂದ ಹಿತ್ತಲಲ್ಲಿ ಸೊಪ್ಪು ಬೆಳೆದು, ಅರೆದು, ಸೋಸಿ," ಎಂದ ಅವನು ತಲೆಯೆತ್ತದೆ. "ಇಲ್ಲಿ ಬಂದಂಥ ಬೆಳೆ ಎಲ್ಲೂ ಬಂದಿರಲಿಲ್ಲ. ನನ್ನ ಹೆಂಡತಿಗೆ ಹೇಳಿದೆ, ಕೊನೆಗೂ ಕೈ ಹಿಡೀತು ಅಂತ. ನನ್ನ ಸಾರ ಬರೀ ನೀರೇನು?"

ಆ ದನಿಯನ್ನು ಅನುಕರಿಸಲು ಚನ್ನಮಲ್ಲಯ್ಯನಿಂದ ಆಗುತ್ತಿರಲಿಲ್ಲ. ನಟನೆಯನ್ನು ಮಾತ್ರ ಅನುಕರಿಸಬಹುದೆಂದು ಅವನಿಗೆ ಗೊತ್ತಿತ್ತು. ಇದು ನಟನೆಯಲ್ಲ. ಮಡಿಸಿದ ಪಂಚೆ ಮೆಲ್ಲಗೆ ಬಿಚ್ಚಿಕೊಳ್ಳತೊಡಗಿತು.

"ನೀರು ಅಂತ ನಾನು ಹೇಳಲಾರೆ," ಎಂದ ಚನ್ನಮಲ್ಲಯ್ಯ. "ಸಾರ ಇದೆ ಅಂತಲೂ ಹೇಳಲಾರೆ. ಈ ತಾಕು ಎರಡನ್ನೂ ಹೇಳಲಾರದು. ಪರೀಕ್ಷೆಯೇ ಕೆಟ್ಟುಹೋಗಿದೆ."

"ಕೆಡಿಸ್ದೋನು ನಾನು," ಎಂದರು ಪರ್ವತಯ್ಯನವರು.

ಅವರು ಗದ್ದುಗೆಯ ಅಂಚಿಗೆ ಕುಳಿತಿದ್ದರು. ಶಲ್ಯವನ್ನು ತೊಡೆಯ ಮೇಲೆ ಹಾಕಿಕೊಂಡು, ಪಂಚಾಯಿತಿಯಲ್ಲಿ ಸಾಕ್ಷಿ ಹೇಳುವವರ ಹಾಗೆ ನೆಟ್ಟಗೆ ಕುಳಿತು ಮಾತಾಡಿದರು.

"ನಮ್ಮಪ್ಪ ಮಲಗಿರೋ ನೆಲ ಇದು. ಅವ್ರು ಇರೋವಾಗ್ಲೂ ಅಷ್ಟೇ, ಹೋದ್ಮೇಲೂ ಅಷ್ಟೇ, ಮುಂಗಾರಿಗೆ ಮುಂಚೆ ಇಲ್ಲಿ ಮಂದೆ ನಿಲ್ದೆ ನೇಗಿಲು ಇಳೀಲಿಲ್ಲ. ಆ ಕಡೇ ತಾಕು ಉಪವಾಸ ಇರ್ಲಿ ಅಂದ್ರಿ, ಹೂಂ ಅಂದೆ. ಇದನ್ನ ಹೆಂಗಪ್ಪ ಹಸ್ಕೊಂಡಿರು ಅನ್ನೋದು? ಅಪ್ಪನ ತಲೆದೆಸೆ ಇದು. ಬಾಟ್ಲಿ ಎಲೆಗೆ, ಮಂದೆ ನೆಲಕ್ಕೆ. ಒಂದಕ್ಕೊಂದು ಏನಡ್ಡಿ ಬಂತು ಅಂದ್ಕೊಂಡೆ."

ಮೋಸವಲ್ಲ, ಲಾಭವಲ್ಲ. ತಂದೆಗೆ ಎಡೆಯಿಟ್ಟ ಹಾಗೆ ಮಣ್ಣಿಗೆ ಉಣಿಸಿದ್ದರು, ಅಷ್ಟೇ. ಮೂರು ತಾಕಿನ ಲೆಕ್ಕಾಚಾರ ಹಾಕಿದ ಯಾರಿಗೂ ನಡುವಿನ ತಾಕಿನ ತಲೆಯ ಕಡೆ ಒಬ್ಬ ಹಿರಿಯ ಮಲಗಿದ್ದಾನೆಂದು ಹೊಳೆದಿರಲಿಲ್ಲ. ದಿನಾ ಬಂದು ಆ ಕಟ್ಟೆಯ ಮೇಲೆ ಚೀಲವಿಟ್ಟುಕೊಂಡು ಗಿಡದ ಎತ್ತರ ಅಳೆಯುತ್ತಿದ್ದ ಶಂಕರಲಿಂಗಪ್ಪನಿಗೂ.

ಚನ್ನಮಲ್ಲಯ್ಯ ಅವರ ಪಕ್ಕ ಕುಳಿತ. ಹೊಡೆತ ತಿಂದ ಊಹೆಯನ್ನು ಹೂಳಿ ಹೊಸದನ್ನು ಬಿತ್ತುವುದರಲ್ಲಿ ಅವನು ನಿಧಾನಸ್ಥನಲ್ಲ. ನರಸಪ್ಪನಿಗೆ ಗೊತ್ತಿತ್ತೇ ಎಂದು ಕೇಳಿದ. ಗೊತ್ತಿತ್ತು. ಹಗ್ಗ ಹಿಡಿದು ಕುರಿಗಳನ್ನು ತಾಕಿನೊಳಗೆ ಕೂಡಿದವನೇ ನರಸಪ್ಪ. ಈಗ ಬೆಳೆ ಹೀಗೆ ಎದ್ದು ನಿಂತ ಮೇಲೆ ಅವನಿಗೆ ಕಸಿವಿಸಿ ಶುರುವಾಗಿತ್ತಂತೆ. ಊರೂರಿನ ರೈತರು ಬಾಟಲಿಯನ್ನು ನಂಬಿ ಕೆಡುತ್ತಾರೆ, ಸಭೆಯಲ್ಲಿ ಹೇಳಿಬಿಡೋಣ ಎಂದು ಹೋದ ಭಾನುವಾರ ಅವರನ್ನು ಕೇಳಿದ್ದ. ಹೇಳು, ನನ್ನದೇನೂ ಅಡ್ಡಿಯಿಲ್ಲ ಎಂದು ಪರ್ವತಯ್ಯನವರೂ ಒಪ್ಪಿದ್ದರು. ಮರುದಿನ ಮುಂಜಾನೆ ಅವನು ಬಾವಿಯ ಪಕ್ಕ ಬಿದ್ದಿದ್ದ.

ಅಂದರೆ ಹೇಳಿದರೆ ಕೆಡುವುದು ಶಂಕರಲಿಂಗಪ್ಪನದೂ ಅಲ್ಲ, ಪರ್ವತಯ್ಯನವರದೂ ಅಲ್ಲ. ಇನ್ನೊಬ್ಬರದು.

"ಮಂದೆ ಯಾರ್ದು ದೊಡ್ಡಪ್ಪ? ಓಬಳಪ್ಪಂದಾ?"

ಅಲ್ಲವೆಂದು ಅವರು ತಲೆಯಾಡಿಸಿದರು. ವರ್ಷಾ ವರ್ಷಾ ಬರುತ್ತಿದ್ದವನು ಓಬಳಪ್ಪನೇ. ಈ ಸಲ ಕರೆದರೆ ಬರಲಿಲ್ಲ. ಬಾಟಲಿ ಹಾಕುವ ನೆಲದಲ್ಲಿ ನನ್ನ ಕುರಿ ಮಲಗುವುದಿಲ್ಲ, ಅದು ತನ್ನ ಕಾಲ ಮೇಲೆ ಗೆಲ್ಲಲಿ ಇಲ್ಲವೇ ಸೋಲಲಿ ಎಂದು ಹೋಗಿದ್ದ. ಮಳೆ ತಲೆಯ ಮೇಲೆ ಬಂದಿತ್ತು. ಅಷ್ಟರಲ್ಲಿ ಪಾವಗಡದ ಕಡೆಯಿಂದ ಒಂದು ಮಂದೆ ಈ ದಾರಿಯಾಗಿ ಬಂತು. ವಳ್ಳೂರಿನ ಓಬಯ್ಯ ಎಂಬುವನದು.

"ಓಬಯ್ಯ ಯಾರು ಅಂತ ನನ್ನ ಯಾಕ್ ಕೇಳ್ತೀಯ," ಎಂದರು ಪರ್ವತಯ್ಯನವರು. ಕಣ್ಣು ಚನ್ನಮಲ್ಲಯ್ಯನ ಹೆಗಲ ಮೇಲಿಂದ ಹಿಂದಕ್ಕೆ ಹೋಯಿತು.

ಕೆಂಪಕ್ಕ ಬದುವಿನಿಂದ ಇಳಿದು ಬಂದಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ನನ್ನ್ ತಮ್ಮ," ಎಂದಳು. "ಒಬ್ನೇ ತಮ್ಮ."

ಲಾಕಪ್ಪಿನ ಗೋಡೆ ನೋಡುತ್ತ ಕುಳಿತವನ ಮೌನದ ಅರ್ಥ ಚನ್ನಮಲ್ಲಯ್ಯನಿಗೆ ಈಗ ಸಿಕ್ಕಿತು. ಓಬಳಪ್ಪ ತನ್ನನ್ನು ಮುಚ್ಚಿಕೊಳ್ಳುತ್ತಿರಲಿಲ್ಲ, ಹೆಂಡತಿಯ ತಮ್ಮನನ್ನು ಮುಚ್ಚುತ್ತಿದ್ದ. ಹಟ್ಟಿಯ ಯಜಮಾನರ ಮುಂದೆ ಓಬಳಪ್ಪ ಆಣೆ ಹಾಕಿಸಿದ್ದನಂತೆ, ನಮ್ಮ ಪೈಕಿ ಒಬ್ಬರೂ ಈ ಹೊಲಕ್ಕೆ ಮಂದೆ ತರಬಾರದು ಎಂದು. ಹೆಣ್ಣು ಕೊಟ್ಟ ಮನೆಯವನಾಗಿ ಓಬಯ್ಯನೂ ಮುಟ್ಟಿ ಆಣೆ ಮಾಡಿದ್ದ. ಮಾಡಿ, ಮುರಿದಿದ್ದ. ಸಭೆಯಲ್ಲಿ ನರಸಪ್ಪ ಬಾಯಿ ಬಿಟ್ಟಿದ್ದರೆ ಓಬಯ್ಯನಿಗೆ ಹಟ್ಟಿಯೊಳಗೆ ನೀರೂ ಹುಟ್ಟುತ್ತಿರಲಿಲ್ಲ. ಕೆಂಪಕ್ಕ ಇಷ್ಟನ್ನೂ ತಗ್ಗಿದ ದನಿಯಲ್ಲಿ, ಬೇರೆಯವರ ಮನೆಯ ಸುದ್ದಿಯಂತೆ ಹೇಳಿದಳು. ಕಂಬಳಿ ಅಲ್ಲಿಗೆ ಹೇಗೆ ಬಂತೆಂದು ಕೇಳಿದಾಗ ಮಾತ್ರ ಸೆರಗಿನ ತುದಿ ಬಿಡಿಸಿ ಮತ್ತೆ ಸಿಕ್ಕಿಸಿಕೊಂಡಳು.

ಈಗ ಚನ್ನಮಲ್ಲಯ್ಯ ಮಾಡಬೇಕಾದದ್ದು ಸರಳ. ಓಬಯ್ಯನ ಹೆಸರು ಹೇಳಿದರೆ ಓಬಳಪ್ಪ ಸಂಜೆಯೊಳಗೆ ಹೊರಗೆ. ಕೆಂಪಕ್ಕ ಟಗರು ಕೊಟ್ಟು ಕೇಳಿಕೊಂಡದ್ದೂ ಅದನ್ನೇ. ಗಂಡ ಮನೆಗೆ ಬರಬೇಕಾದರೆ ತಮ್ಮ ಒಳಗೆ ಹೋಗಬೇಕು. ಬೆಳಿಗ್ಗೆ ಮೆಟ್ಟಿಲು ಹತ್ತುವಾಗಲೇ ಅವಳಿಗೆ ಇದು ಗೊತ್ತಿತ್ತು. ಪತ್ತೇದಾರ ಮೂರನೆಯ ದಾರಿಯೊಂದನ್ನು ಹುಡುಕಿಕೊಟ್ಟಾನೆಂದು ಆಸೆಪಟ್ಟಿದ್ದಳು.

"ಕೆಂಪಕ್ಕ," ಎಂದು ಅವನು ಶುರುಮಾಡಿದ.

ಜೀಪು ಹೊಲದ ತುದಿಗೆ ಬಂದು ನಿಂತಿತು. ಸಬ್ ಇನ್ಸ್‌ಪೆಕ್ಟರು ಇಳಿದು, ಟೋಪಿ ಕಂಕುಳಿಗೆ ಸಿಕ್ಕಿಸಿಕೊಂಡು, ಸಾಲು ತುಳಿಯದಂತೆ ಎಚ್ಚರದಿಂದ ನಡೆದು ಬಂದರು. ಹಿಂದೆ ಒಬ್ಬ ಕಾನ್‌ಸ್ಟೇಬಲ್. ಅವರ ಮುಖದಲ್ಲಿ ಇವತ್ತು ಪ್ರಾಸವಿರಲಿಲ್ಲ.

"ಸಭೆ ನಿಲ್ಲಿಸಿ," ಎಂದರು ಪರ್ವತಯ್ಯನವರಿಗೆ. "ನರಸಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡ. ಇನ್ನು ಇದು ಹೊಡೆದಾಟದ ಕೇಸಲ್ಲ, ಕೊಲೆ. ಚನ್ನಮಲ್ಲಯ್ಯನವರೇ, ನಿಮ್ಮ ಕುರಿಯವನನ್ನು ಹೊರಗೆ ತರೋದು ಈಗ ಕಷ್ಟ. ಹೇಳೋದಿದ್ದರೆ ಈಗಲೇ ಹೇಳಿ."

ಪರ್ವತಯ್ಯನವರು ಶಲ್ಯದಿಂದ ಮುಖ ಮುಚ್ಚಿಕೊಂಡರು. ಶಂಕರಲಿಂಗಪ್ಪ ಕಿತ್ತ ಗಿಡಗಳ ನಡುವೆ ಹಾಗೇ ಕುಳಿತಿದ್ದ. ಚನ್ನಮಲ್ಲಯ್ಯ ಹೇಳಲು ಬಾಯಿ ತೆರೆದ.

ಕೆಂಪಕ್ಕ ಅವನನ್ನು ಮೊಣಕೈಯಿಂದ ಸರಿಸಿ ಮುಂದೆ ಬಂದಳು.

"ಸ್ವಾಮಿ, ನನ್ನ್ ಗಂಡನ್ನ ಬುಡಿ. ನರಸಪ್ಪನ್ನ ಹೊಡ್ದೋಳು ನಾನು."

ಸಬ್ ಇನ್ಸ್‌ಪೆಕ್ಟರಿಗೆ ನಗು ಬಂತು, ಇಂಥದ್ದನ್ನು ಎಷ್ಟೋ ನೋಡಿದವರ ನಗು. ಗಂಡನಿಗಾಗಿ ಕೊರಳು ಕೊಡುವ ಹೆಂಡತಿಯರು ಪ್ರತಿ ಠಾಣೆಗೂ ಬರುತ್ತಾರೆ. ಎರಡು ಪ್ರಶ್ನೆ ಕೇಳಿದರೆ ಕಥೆ ಕುಸಿದುಬೀಳುತ್ತದೆ. ಚನ್ನಮಲ್ಲಯ್ಯನಿಗೂ ಅದೇ ಧೈರ್ಯ. ಸುಳ್ಳು ಈಗಲೇ ಬಯಲಾಗುತ್ತದೆ, ತಾನು ಆಮೇಲೆ ನಿಧಾನವಾಗಿ ನಿಜ ಹೇಳಬಹುದು.

"ಸರಿಯಮ್ಮ. ತಲೆಗೆ ಯಾವುದರಲ್ಲಿ ಹೊಡೆದೆ?"

"ತಲೆಗೆ ನಾನ್ ಹೊಡೀಲಿಲ್ಲ ಸ್ವಾಮಿ. ಮಂಡಿಗೆ ಹೊಡ್ದೆ. ಬಲಗಾಲ್ ಮಂಡಿಗೆ. ತಿರುಗ್ಕೊಂಡು ಬಿದ್ದ. ಬೀಳೋವಾಗ ತಲೆ ಬಾವಿ ಕಟ್ಟೆಗೆ ತಗುಲ್ತು. ನಾನ್ ಹೊದ್ದಿದ್ದ ಗಂಡನ್ ಕಂಬ್ಳಿ ಅಲ್ಲೇ ಬಿತ್ತು."

ಸಬ್ ಇನ್ಸ್‌ಪೆಕ್ಟರ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದು, ಆಮೇಲೆ ಹೋಯಿತು. ಕಂಕುಳಿನ ಟೋಪಿಯನ್ನು ತೆಗೆದು ತಲೆಗೆ ಹಾಕಿಕೊಂಡರು. ಕಾನ್‌ಸ್ಟೇಬಲ್ಲಿಗೆ ಬೆರಳು ತೋರಿಸಿದರು.

"ಮಂಡಿಯ ಮಾತು ಊರಲ್ಲಿ ಯಾರಿಗೂ ಗೊತ್ತಿಲ್ಲ," ಎಂದರು ಚನ್ನಮಲ್ಲಯ್ಯನಿಗೆ ಮಾತ್ರ ಕೇಳುವಂತೆ. "ಡಾಕ್ಟರು ನನಗೆ ಹೇಳಿದ್ದು ಈಗ ಬರುವಾಗ, ಹೆಣದ ಪಕ್ಕ ನಿಂತು. ಅಲ್ಲಿ ನಾವಿಬ್ಬರೇ ಇದ್ದೆವು."

ಕೆಂಪಕ್ಕ ಯಾರೂ ಹಿಡಿಯದೆ ತಾನೇ ಜೀಪಿನ ಕಡೆ ನಡೆದಳು. ಹಿಂದಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ಅಯ್ನೋರೆ," ಎಂದಳು, "ನನ್ನ್ ಗಂಡನ್ನ ಮನೆಗ್ ಕರ್ಕೊಂಡೋಗಿ ಬುಡಿ, ನಿಮ್ ಕೆಲ್ಸ ಮುಗೀತು. ವಳ್ಳೂರಿನ್ ಕಡೆಗೆ ಮಾತ್ರ ಹೋಗ್ಬ್ಯಾಡಿ. ಅಲ್ಲಿರೋದು ನನ್ನ್ ತಮ್ಮ ಒಬ್ನೇ ಅಲ್ಲ, ಅವ್ನ್ ಹೆಂಡ್ರು ಮಕ್ಳೂ ಅವ್ರೆ."